ಮದುವೆ ಹಾಲ್ ಖಾಲಿ ಇದ್ದ ದಿನ

(ಕುಂದಾಪುರದಲ್ಲಿ ಶಟಲ್ ಬೇಸಿಗೆ ಶಿಬಿರದ ಕೊನೆಯ ದಿನ ಮಕ್ಕಳು ಮತ್ತು ಪೋಷಕರ ಎದುರು ಆಡಿದ ಮಾತುಗಳು. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಬೆಳಗ್ಗೆಯಿಂದ ಆಡಿ ಸುಸ್ತಾಗಿದ್ದೀರಿ. ನೆಲದ ಮೇಲೆ ಕೂತವರು ಕಾಲು ಚಾಚಿಕೊಂಡೇ ಕೇಳಿ, ಪರವಾಗಿಲ್ಲ.

ಪ್ರಕಾಶ್ ಪಡುಕೋಣೆ ಬಗ್ಗೆ ಮಾತಾಡುತ್ತೇನೆ ಅಂದಾಗ ಶಿಬಿರದವರು ಹೇಳಿದರು, "ಸರ್, ಈಗಿನ ಮಕ್ಕಳಿಗೆ ಅವರು ದೀಪಿಕಾ ಅವರ ಅಪ್ಪ ಅಂತ ಗೊತ್ತು. ಅದಕ್ಕಿಂತ ಜಾಸ್ತಿ ಗೊತ್ತಿಲ್ಲ." ತಪ್ಪೇನಿಲ್ಲ. ಅವರು ಬ್ಯಾಡ್ಮಿಂಟನ್ನಿನ ಬಹಳ ಹಳೆಯ, ದೊಡ್ಡ ಟೂರ್ನಮೆಂಟಾದ ಆಲ್ ಇಂಗ್ಲೆಂಡ್ ಗೆದ್ದಾಗ ನಿಮ್ಮ ಅಪ್ಪ ಅಮ್ಮಂದಿರಲ್ಲೇ ಬಹಳ ಜನ ಹುಟ್ಟಿರಲಿಲ್ಲ. ಆದರೆ ಈ ಊರಿನಲ್ಲಿ ನಿಂತು ಆ ಹೆಸರು ಹೇಳುವಾಗ ನನಗೆ ಬೇರೆಯೇ ಖುಷಿ. ಪಡುಕೋಣೆ ನಮ್ಮ ಪಕ್ಕದ ಊರು. ಮರವಂತೆಗೆ ಹತ್ತಿರ, ಸೌಪರ್ಣಿಕಾ ಹೊಳೆಯ ಬದಿಯಲ್ಲಿದೆ. ಪ್ರಕಾಶ್ ಅವರ ಮನೆತನದವರು ಅಲ್ಲಿಂದ ಬೆಂಗಳೂರಿಗೆ ಹೋಗಿ ನೆಲೆಸಿದರು. ಪ್ರಕಾಶ್ ಹುಟ್ಟಿದ್ದು ಅಲ್ಲೇ, 1955ರ ಜೂನ್ 10ರಂದು. ಊರು ಮಾತ್ರ ಹೆಸರಿನ ಜೊತೆ ಪ್ರಪಂಚ ಸುತ್ತಿತು.

ನಾನು ಇವತ್ತು ಅವರು ಗೆದ್ದ ಕಪ್ಪುಗಳ ಪಟ್ಟಿ ಓದಲು ಬಂದಿಲ್ಲ. ನಾನು ಪಿ.ಟಿ. ಮಾಸ್ಟ್ರಾಗಿದ್ದವನು. ತಾಲೂಕು ಮಟ್ಟದ ಆಟದ ಸಮಿತಿಗಳಲ್ಲಿ ವರ್ಷಗಟ್ಟಲೆ ಕೂತವನು. ನನಗೆ ಕಾಡುವ ಪ್ರಶ್ನೆ ಒಂದೇ. ಸಂಜೆ ಐದಕ್ಕೆ ರ‍್ಯಾಕೆಟ್ ಹಿಡಿದುಕೊಂಡು ಒಂದು ಮಗು ಹಾಲ್ ಹತ್ತಿರ ಬಂದರೆ ಬಾಗಿಲು ತೆಗೆದಿರುತ್ತದಾ? ಪ್ರಕಾಶ್ ಅವರ ಇಡೀ ಬದುಕನ್ನು ನಾನು ಈ ಪ್ರಶ್ನೆ ಇಟ್ಟುಕೊಂಡೇ ನೋಡುತ್ತೇನೆ. ಆಟಗಾರರಾಗಿದ್ದಾಗಲೂ ಅಷ್ಟೇ, ಆಮೇಲೆ ಆಡಳಿತಕ್ಕೆ ಇಳಿದಾಗಲೂ ಅಷ್ಟೇ.

ಅವರು ಆಟ ಕಲಿತದ್ದು ಮದುವೆ ಹಾಲ್‌ನಲ್ಲಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಅಂತ ಇದೆ. ನಮ್ಮ ಕರಾವಳಿಯಿಂದ ಹೋಗಿ ನೆಲೆಸಿದವರು ಕಟ್ಟಿಕೊಂಡ ಸಂಘ. ಆಗ ಮಕ್ಕಳು ಅಭ್ಯಾಸ ಮಾಡಲು ಬೆಂಗಳೂರಿನಲ್ಲಿ ಸರಿಯಾದ ಕೋರ್ಟುಗಳೇ ಇರಲಿಲ್ಲ. ಆ ಸಂಘದ ಹಾಲ್‌ನಲ್ಲಿ ಮದುವೆ, ಮುಂಜಿ ಇಲ್ಲದ ದಿನ ಆಡಬಹುದಿತ್ತು. ಇವತ್ತು ಹಾಲ್ ಖಾಲಿ ಇದೆಯಾ ಅಂತ ದಿನಾ ಕಾಯುತ್ತಿದ್ದೆವು, ಖಾಲಿ ಇದ್ದರೆ ಸ್ಕೂಲ್ ಬಿಟ್ಟ ತಕ್ಷಣ ಓಡುತ್ತಿದ್ದೆವು ಅಂತ ಅವರೇ ಮಗಳಿಗೆ ಬರೆದ ಪತ್ರದಲ್ಲಿ ನೆನೆಸಿಕೊಂಡಿದ್ದಾರೆ.

ವೈಶಾಖದಲ್ಲಿ ಮದುವೆ ಸೀಸನ್ ಬಂದರೆ ಏನು ಗತಿ ಅಂತ ಸ್ವಲ್ಪ ಯೋಚಿಸಿ. ಶಾಲೆಗೆ ರಜೆ, ಆಡಲು ಪುರುಸೊತ್ತು ಬೇಕಾದಷ್ಟು, ಆದರೆ ಹಾಲ್ ತುಂಬ ಊಟದ ಎಲೆ. ಇದೆಲ್ಲ ನಮಗೂ ಗೊತ್ತಿರುವ ಕತೆಯೇ. ನಮ್ಮ ಕಡೆ ಗದ್ದೆ ಕೊಯ್ಲಾದ ಮೇಲೆ ಬಯಲಲ್ಲಿ ಗೆರೆ ಎಳೆದು, ನಾಲ್ಕು ಕಂಬಕ್ಕೆ ಬಲ್ಬ್ ಕಟ್ಟಿ ರಾತ್ರಿ ಆಡುತ್ತೇವೆ. ಹೊನಲು ಬೆಳಕಿನ ಪಂದ್ಯಾಟ ಅಂತ ಮೈಕ್ ಕಟ್ಟಿ ಕೂಗುತ್ತೇವೆ. ಸಮುದ್ರದ ಗಾಳಿ ಬೀಸಿತೋ, ಕಾಕ್ ಎಲ್ಲಿ ಹೋಗುತ್ತದೆ ಅಂತ ಹೊಡೆದವನಿಗೇ ಗೊತ್ತಿರುವುದಿಲ್ಲ. ಮಳೆಗಾಲ ಶುರುವಾದರೆ ನಾಲ್ಕು ತಿಂಗಳು ಆಟವೇ ಇಲ್ಲ. ಬ್ಯಾಡ್ಮಿಂಟನ್ನಿಗೆ ತಲೆ ಮೇಲೆ ಮಾಡು ಬೇಕು, ಗಾಳಿ ನುಗ್ಗದ ಗೋಡೆ ಬೇಕು. ಕ್ರಿಕೆಟ್ಟಿನ ಹಾಗೆ ರಸ್ತೆಯಲ್ಲಿ ಕಲಿತು ಮೇಲೆ ಬರುವುದು ಇದರಲ್ಲಿ ಕಷ್ಟ.

ಪ್ರಕಾಶ್ ಅವರ ತಂದೆ ರಮೇಶ್ ಪಡುಕೋಣೆ. ಬಹಳ ವರ್ಷ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಆಗ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರು. ಈ ಮಾತನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಕಾರ್ಯದರ್ಶಿ ಅಂದರೆ ಯಾರು? ಯಾರ ಎದುರು ಯಾರು ಅಂತ ಟೂರ್ನಮೆಂಟಿಗೆ ಡ್ರಾ ಬರೆಯುವವನು, ಅಂಪೈರ್ ಹುಡುಕುವವನು, ಹೊರ ಊರಿನಿಂದ ಬಂದ ಮಕ್ಕಳು ಎಲ್ಲಿ ಮಲಗುತ್ತಾರೆ, ಏನು ಊಟ ಮಾಡುತ್ತಾರೆ ಅಂತ ನೋಡುವವನು. ಹಾಲ್ ಬೀಗದ ಕೈ ಹಿಡಿದವನೂ ಅವನೇ. ಅಪ್ಪ ಆ ಕೆಲಸ ಮಾಡುವುದನ್ನು ನೋಡುತ್ತಲೇ ಪ್ರಕಾಶ್ ದೊಡ್ಡವರಾದರು. 1962ರಲ್ಲಿ, ಏಳನೇ ವಯಸ್ಸಿಗೆ, ರಾಜ್ಯ ಜೂನಿಯರ್ ಟೂರ್ನಮೆಂಟಿನಲ್ಲಿ ಮೊದಲ ಸಲ ಆಡಿದರು. ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷ ಕಳೆದು ಅದೇ ಕಪ್ ಗೆದ್ದರು.

ಮದುವೆ ಹಾಲ್ ಅವರ ಆಟವನ್ನು ರೂಪಿಸಿತು ಅಂತ ನನ್ನ ನಂಬಿಕೆ. ಇಕ್ಕಟ್ಟಿನ ಜಾಗದಲ್ಲಿ ಜೋರಾಗಿ ಹೊಡೆದು ಪ್ರಯೋಜನವಿಲ್ಲ. ಮಣಿಕಟ್ಟು ಕೆಲಸ ಮಾಡಬೇಕು. ಕಾಕ್ ಎಲ್ಲಿ ಬೀಳಬೇಕೋ ಅಲ್ಲೇ ಬೀಳಬೇಕು. ಅವರ ಹಳೆಯ ವಿಡಿಯೊ ಸಿಕ್ಕಿದರೆ ನೋಡಿ. ಸ್ಮ್ಯಾಶ್ ಹೊಡೆಯುವ ಹಾಗೇ ಕೈ ಎತ್ತುತ್ತಾರೆ, ಎದುರಾಳಿ ಹಿಂದೆ ಸರಿಯುತ್ತಾನೆ, ಕಾಕ್ ಮಾತ್ರ ನೆಟ್ ದಾಟಿ ಮೆಲ್ಲಗೆ ಇಳಿಯುತ್ತದೆ. ಡ್ರಾಪ್ ಅಂತ ಅವನು ಮುಂದೆ ಓಡಿ ಬಂದರೆ, ಅದೇ ಕೈಯಿಂದ ಎತ್ತರದ ಹೊಡೆತ, ಅಂದರೆ ಟಾಸ್, ಹಿಂದಿನ ಗೆರೆಗೆ ಹೋಗಿರುತ್ತದೆ. ಅವರ ಹಾಫ್ ಸ್ಮ್ಯಾಶ್ ಅಂತೂ ಹೆಸರುವಾಸಿ. ಪೂರ್ತಿ ಬಲ ಹಾಕದೆ, ಓರೆಯಾಗಿ, ಸೈಡ್ ಲೈನಿನ ಹತ್ತಿರ ಇಳಿಸುವುದು.

ಪ್ರಕಾಶ್ ಅವರಿಗೆ ಇಂಡೊನೇಷ್ಯಾದ ರೂಡಿ ಹಾರ್ಟೊನೊ ಆದರ್ಶ. ಎಂಟು ಸಲ ಆಲ್ ಇಂಗ್ಲೆಂಡ್ ಗೆದ್ದ ಆಟಗಾರ. 1971ರ ಹೊತ್ತಿಗೆ ಪ್ರಕಾಶ್ ತಮ್ಮ ಆಟಕ್ಕೆ ಸ್ವಲ್ಪ ಆಕ್ರಮಣ ಸೇರಿಸಿಕೊಂಡರು. ಅದೇ ಸಾಲಿನಲ್ಲಿ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡನ್ನೂ ಗೆದ್ದರು. ವಯಸ್ಸು ಹದಿನಾರು! ಅಲ್ಲಿಂದ ಸತತ 9 ವರ್ಷ ರಾಷ್ಟ್ರೀಯ ಚಾಂಪಿಯನ್. 1972ರಲ್ಲಿ ಅರ್ಜುನ ಪ್ರಶಸ್ತಿ. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ.

ಈಗ 1980ಕ್ಕೆ ಬರೋಣ. ನಾನಾಗ ಹೈಸ್ಕೂಲು. ನಮ್ಮೂರಿನಲ್ಲಿ ಟಿವಿ ಇರಲಿಲ್ಲ, ಪೇಪರ್ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಆ ವರ್ಷ ಅವರು ಡ್ಯಾನಿಶ್ ಓಪನ್ ಗೆದ್ದರು, ಸ್ವೀಡಿಶ್ ಓಪನ್ ಗೆದ್ದರು, ಅದರ ಬೆನ್ನಿಗೇ ಆಲ್ ಇಂಗ್ಲೆಂಡ್ ಫೈನಲ್ ತಲುಪಿದರು. ಮಾರ್ಚ್ 23, ಭಾನುವಾರ, ಲಂಡನ್ನಿನ ವೆಂಬ್ಲಿ. ಎದುರಿಗೆ ಇಂಡೊನೇಷ್ಯಾದ ಲಿಮ್ ಸ್ವಿ ಕಿಂಗ್. ಹಿಂದಿನ ಎರಡು ವರ್ಷವೂ ಗೆದ್ದವರು ಅವರೇ. ಹಾರಿ ಹೊಡೆಯುವ ಅವರ ಸ್ಮ್ಯಾಶಿಗೆ 'ಕಿಂಗ್ ಸ್ಮ್ಯಾಶ್' ಅಂತಲೇ ಹೆಸರು ಬಿದ್ದಿತ್ತು. ಭಾರತದವರು ಆ ಕಪ್ ಒಮ್ಮೆಯೂ ಗೆದ್ದಿರಲಿಲ್ಲ. 1947ರಲ್ಲಿ ಪ್ರಕಾಶ್ ನಾಥ್ ಎಂಬುವರು ಫೈನಲ್ ತನಕ ಹೋಗಿ ಸ್ವೀಡನ್ನಿನ ಆಟಗಾರನಿಗೆ ಸೋತಿದ್ದರು.

ಸ್ಕೋರ್ ಹೇಳುವ ಮೊದಲು ಮಕ್ಕಳಿಗೆ ಒಂದು ವಿಷಯ ಹೇಳಬೇಕು. ನೀವು ಆಡುವುದು 21 ಪಾಯಿಂಟಿನ ಆಟ. ಯಾರು ಸರ್ವಿಸ್ ಮಾಡಿದರೂ, ರ‍್ಯಾಲಿ ಗೆದ್ದವರಿಗೆ ಪಾಯಿಂಟ್. 2006ಕ್ಕೆ ಮೊದಲು ಹಾಗಿರಲಿಲ್ಲ. ನಿಮ್ಮ ಸರ್ವಿಸ್ ಇದ್ದಾಗ ಮಾತ್ರ ನಿಮಗೆ ಪಾಯಿಂಟ್. ಎದುರಾಳಿಯ ಸರ್ವಿಸಿನಲ್ಲಿ ರ‍್ಯಾಲಿ ಗೆದ್ದರೆ ಸಿಗುವುದು ಬರೀ ಸರ್ವಿಸ್. ಹಾಗಾಗಿ 15 ಪಾಯಿಂಟ್ ಮುಟ್ಟಲು ಎಷ್ಟೋ ಹೊತ್ತು ಬೇಕು. ತಾಳ್ಮೆ ಇಲ್ಲದವರಿಗೆ ಆಗುವ ಆಟವೇ ಅಲ್ಲ.

ಪ್ರಕಾಶ್ ಗೆದ್ದದ್ದು 15-3, 15-10ರಲ್ಲಿ.

ಕಿಂಗ್‌ಗೆ ಮೂರೇ ಪಾಯಿಂಟ್! ನಾನು ಪೇಪರಿನಲ್ಲಿ ಓದಿ, ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಎಷ್ಟೋ ವರ್ಷಕ್ಕೆ ಆ ಮ್ಯಾಚಿನ ತುಣುಕುಗಳನ್ನು ನೋಡಿದಾಗ ಅರ್ಥವಾಯಿತು. ಎದುರಾಳಿಯ ಬಲ ಇದ್ದದ್ದು ವೇಗದಲ್ಲಿ. ಪ್ರಕಾಶ್ ಕಿಂಗ್‌ಗೆ ಆ ವೇಗವನ್ನೇ ಕೊಡಲಿಲ್ಲ. ಒಂದು ಟಾಸ್, ಒಂದು ಡ್ರಾಪ್, ಮತ್ತೆ ಮೂಲೆಗೆ ಒಂದು ಟಾಸ್. ಇವರು ಆಟವನ್ನು ತಮ್ಮ ನಡಿಗೆಗೆ ಇಳಿಸಿಕೊಂಡುಬಿಟ್ಟರು. ಮುಖದಲ್ಲಿ ಗಾಬರಿ ಇಲ್ಲ, ಕೂಗಾಟ ಇಲ್ಲ.

ಮರುವರ್ಷ ಅದೇ ಕಿಂಗ್ ಫೈನಲ್‌ನಲ್ಲಿ ಲೆಕ್ಕ ತೀರಿಸಿಕೊಂಡರು. ಮೊದಲ ಗೇಮ್ ಗೆದ್ದ ಪ್ರಕಾಶ್ ಉಳಿದ ಎರಡನ್ನು ಬಿಟ್ಟುಕೊಟ್ಟರು. ಅದೇ 1981ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು ಸೋಲಿಸಿದರು. 1983ರಲ್ಲಿ ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಅದು ಈ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ. ಆಟದ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ನಿಲ್ಲಿಸದಿದ್ದರೆ ರಾತ್ರಿಯಾಗುತ್ತದೆ.

ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಅವರು ಡೆನ್ಮಾರ್ಕಿಗೆ ಹೋದರು. ಕೋಪನ್‌ಹೇಗನ್ ಪಕ್ಕದ ಹ್ವಿಡೊವ್ರೆ ಕ್ಲಬ್ಬಿಗೆ ಆಡುತ್ತಾ, ಮಾರ್ಟನ್ ಫ್ರಾಸ್ಟ್ ಅವರಂಥ ಆಟಗಾರರ ಜೊತೆ ಅಭ್ಯಾಸ ಮಾಡುತ್ತಾ ಕೆಲವು ವರ್ಷ ಅಲ್ಲೇ ಇದ್ದರು. ದೀಪಿಕಾ ಹುಟ್ಟಿದ್ದೂ ಅಲ್ಲೇ, 1986ರಲ್ಲಿ. ಈ ವರ್ಷಗಳು ಅವರ ಆಟಕ್ಕಿಂತ ಜಾಸ್ತಿ ನಮಗೆ ಉಪಕಾರ ಮಾಡಿದವು ಅನ್ನುವುದು ನನ್ನ ಅನಿಸಿಕೆ. ಡೆನ್ಮಾರ್ಕ್ ಸಣ್ಣ ದೇಶ. ಈಗಲೂ ಸುಮಾರು 60 ಲಕ್ಷ ಜನ ಅಷ್ಟೇ. ನಮ್ಮ ಬೆಂಗಳೂರೇ ಅದಕ್ಕಿಂತ ದೊಡ್ಡದು. ಆದರೂ ಚೀನಾ, ಇಂಡೊನೇಷ್ಯಾ ಎದುರು ಎದೆ ಕೊಟ್ಟು ನಿಲ್ಲುತ್ತದೆ. ಹೇಗೆ? ಅಲ್ಲಿ ಊರೂರಿಗೆ ಕ್ಲಬ್ ಇದೆ. ಹಾಲ್ ಅನ್ನು ಹೆಚ್ಚಾಗಿ ಊರಿನ ಆಡಳಿತ ಕಟ್ಟಿಸುತ್ತದೆ. ಕ್ಲಬ್ ನಡೆಸುವವರು ಊರಿನವರೇ, ಬಹಳ ಮಟ್ಟಿಗೆ ಸಂಬಳವಿಲ್ಲದೆ. ಒಂದೇ ಹಾಲ್‌ನಲ್ಲಿ ಸಂಜೆ ಮಕ್ಕಳು, ಆಮೇಲೆ ದೇಶಕ್ಕೆ ಆಡುವವರು, ಇನ್ನೊಂದು ಹೊತ್ತಿಗೆ ಅಜ್ಜ ಅಜ್ಜಿಯರು. ಮದುವೆ ಇಲ್ಲದ ದಿನಕ್ಕಾಗಿ ಕಾದ ಹುಡುಗನಿಗೆ, ವರ್ಷವಿಡೀ ಬಾಗಿಲು ತೆಗೆದೇ ಇರುವ ಹಾಲ್ ಕಂಡಾಗ ಹೇಗಾಗಿರಬೇಡ!

ಆಟ ಬಿಟ್ಟ ಮೇಲೆ ಅವರ ಎದುರು ದಾರಿಗಳಿದ್ದವು. ಬ್ಯಾಂಕಿನ ಕೆಲಸ ಇತ್ತು, ಹೆಸರಿತ್ತು, ಪದ್ಮಶ್ರೀ ಬಂದಿತ್ತು. ಆರಾಮವಾಗಿ ಇರಬಹುದಿತ್ತು. 1993ರಿಂದ 96ರ ತನಕ ಭಾರತ ತಂಡದ ಕೋಚ್ ಆದರು. ಅದರ ಮಧ್ಯೆ 1994ರಲ್ಲಿ ವಿಮಲ್ ಕುಮಾರ್ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಶುರುಮಾಡಿದರು. ವಿಮಲ್ ಕೂಡ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಬಿಪಿಎಲ್ ಕಂಪನಿ ಹಣ ಕೊಟ್ಟಿತು. ಟಿವಿ ಮಾಡುತ್ತಿದ್ದ ಆ ಬಿಪಿಎಲ್ಲೇ.

ಈಗ ಅಕಾಡೆಮಿ ಅಂದರೆ ಊರಿಗೊಂದು ಬೋರ್ಡು ಕಾಣುತ್ತದೆ. ಆಗ ಹಾಗಿರಲಿಲ್ಲ. ಒಳ್ಳೆ ಆಟಗಾರ ಅಂದರೆ ವರ್ಷಕ್ಕೆ ಕೆಲವು ವಾರ ರಾಷ್ಟ್ರೀಯ ಶಿಬಿರ, ಉಳಿದ ದಿನ ತನ್ನ ಪಾಡು ತನಗೆ. ಕಾಕ್ ಕೊಳ್ಳಲು ದುಡ್ಡಿಲ್ಲ. ರ‍್ಯಾಕೆಟ್ಟಿನ ತಂತಿ, ಅಂದರೆ ಗಟ್ಟಿಂಗ್, ಹರಿದರೆ ಇನ್ನೊಂದು ರ‍್ಯಾಕೆಟ್ ಇಲ್ಲ. ಗರಿಯ ಕಾಕ್ ಒಂದು ಒಳ್ಳೆ ಮ್ಯಾಚಿಗೆ ನಾಲ್ಕೈದು ಹೋಗುತ್ತದೆ ಅಂತ ಇಲ್ಲಿ ಕೂತ ಅಪ್ಪಂದಿರಿಗೆ ಚೆನ್ನಾಗಿ ಗೊತ್ತು. ಅಂಥ ಹೊತ್ತಿನಲ್ಲಿ ವರ್ಷವಿಡೀ ಕೋರ್ಟು, ಕೋಚ್, ಕಾಕ್, ವ್ಯಾಯಾಮ, ಉಳಿಯುವ ವ್ಯವಸ್ಥೆ ಎಲ್ಲವನ್ನೂ ಒಂದೇ ಜಾಗದಲ್ಲಿ ಜೋಡಿಸುವುದು ಬಹಳ ದೊಡ್ಡ ಕೆಲಸ. ಇದಕ್ಕೆ ಆಡಳಿತ ಅಂತ ನಾವು ಹೆಸರು ಕೊಡುವುದಿಲ್ಲ. ನನ್ನ ಪ್ರಕಾರ ಇದೇ ನಿಜವಾದ ಆಡಳಿತ.

ಮುಂಬೈಯಿಂದ ಅಪರ್ಣಾ ಪೋಪಟ್ ಬಂದರು. ಸತತ 9 ಸಲ ರಾಷ್ಟ್ರೀಯ ಚಾಂಪಿಯನ್ ಆಗಿ ಗುರುವಿನ ದಾಖಲೆಗೆ ಸಮನಾದರು. ಪುಲ್ಲೇಲ ಗೋಪಿಚಂದ್ ಇಲ್ಲಿ ಪಳಗಿದರು. ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದ್ದ ಹುಡುಗ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ. 21 ವರ್ಷ ಆದ ಮೇಲೆ ಆ ಕಪ್ ಮತ್ತೆ ಭಾರತಕ್ಕೆ ಬಂತು. ಆಮೇಲೆ ಗೋಪಿಚಂದ್ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದ್ದು, ಅಲ್ಲಿಂದ ಸೈನಾ, ಸಿಂಧು, ಶ್ರೀಕಾಂತ್ ಬಂದದ್ದು ನಿಮಗೆ ಗೊತ್ತೇ ಇದೆ. ಇಲ್ಲಿ ಪ್ರಕಾಶ್ ಅವರ ಅಕಾಡೆಮಿಯಲ್ಲಿ ನಮ್ಮ ಕರ್ನಾಟಕದ ಅನೂಪ್ ಶ್ರೀಧರ್, ಅರವಿಂದ್ ಭಟ್. ಇತ್ತೀಚೆಗೆ ಉತ್ತರಾಖಂಡದ ಅಲ್ಮೋರದಿಂದ ಎಳೆಯ ವಯಸ್ಸಿನಲ್ಲೇ ಬಂದ ಲಕ್ಷ್ಯ ಸೇನ್. 2022ರಲ್ಲಿ ಬ್ಯಾಂಕಾಕಿನಲ್ಲಿ ಭಾರತ ಥಾಮಸ್ ಕಪ್, ಅಂದರೆ ಪುರುಷರ ತಂಡಗಳ ವಿಶ್ವಮಟ್ಟದ ಕಪ್, ಗೆದ್ದಾಗ ಫೈನಲ್‌ನ ಮೊದಲ ಮ್ಯಾಚ್ ಗೆದ್ದುಕೊಟ್ಟದ್ದು ಇದೇ ಹುಡುಗ. ಅವತ್ತು ನಾನು ನಮ್ಮನೆ ಜಗಲಿಯಲ್ಲಿ ಮೊಬೈಲ್ ಹಿಡಿದುಕೊಂಡು ಅತ್ತೆ. ಹೇಳಲು ನಾಚಿಕೆಯೇನಿಲ್ಲ.

ಇನ್ನು ಮಾತು ಸ್ವಲ್ಪ ಕಷ್ಟದ ಕಡೆ ಹೋಗುತ್ತದೆ.

1997ರಲ್ಲಿ ಪ್ರಕಾಶ್ ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ಎದುರು ನಿಂತರು. ಆಡಳಿತದ ರೀತಿ ಬದಲಾಗಬೇಕು, ಆಟಗಾರರ ಮಾತಿಗೆ ಬೆಲೆ ಇರಬೇಕು ಅನ್ನುವುದು ಅವರ ವಾದ. ಮಾತಿನಿಂದ ಆಗಲಿಲ್ಲ. ಇಂಡಿಯನ್ ಬ್ಯಾಡ್ಮಿಂಟನ್ ಕಾನ್ಫೆಡರೇಷನ್ ಅಂತ ಬೇರೆ ಸಂಸ್ಥೆಯೇ ಹುಟ್ಟಿಕೊಂಡಿತು. ಬಹಳಷ್ಟು ಮುಂಚೂಣಿ ಆಟಗಾರರು ಅವರ ಬೆನ್ನಿಗೆ ನಿಂತರು. ಯೋಚಿಸಿ, ಕೋರ್ಟಿನಲ್ಲಿ ಅಂಪೈರ್ ತಪ್ಪು ಹೇಳಿದರೂ ದನಿ ಎತ್ತದ ಮನುಷ್ಯ! ಅಂಥವರು ಬಂಡಾಯಕ್ಕೆ ಇಳಿಯಬೇಕಾದರೆ ಒಳಗೆ ಎಷ್ಟು ನೊಂದಿರಬೇಕು. ಕೊನೆಗೆ ರಾಜಿ ಆಯಿತು. ಪ್ರಕಾಶ್ ರಾಷ್ಟ್ರೀಯ ಸಂಸ್ಥೆಯ ಕಾರ್ಯಾಧ್ಯಕ್ಷರಾದರು. ಆದರೆ ಆ ಕುರ್ಚಿಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ರಾಜೀನಾಮೆ ಕೊಟ್ಟು ಹೊರಗೆ ಬಂದರು.

ಅವರನ್ನು ಹೊಗಳುವ ಲೇಖನಗಳಲ್ಲಿ ಈ ಭಾಗ ಎರಡು ಸಾಲಿಗೆ ಮುಗಿಯುತ್ತದೆ. ನನಗೆ ಇದು ಮುಖ್ಯ ಅನಿಸುತ್ತದೆ, ಯಾಕೆಂದರೆ ಇದು ನನ್ನ ಅನುಭವವೂ ಹೌದು, ಬಹಳ ಸಣ್ಣ ಮಟ್ಟದಲ್ಲಿ. ನಾನು ಒಂದು ಸಮಿತಿಯಲ್ಲಿದ್ದಾಗ ಒಳಾಂಗಣದ ಕೀಲಿ ಒಬ್ಬರ ಜೇಬಿನಲ್ಲೇ ಇರುತ್ತಿತ್ತು. ಅವರು ಊರಿನಲ್ಲಿ ಇಲ್ಲದಿದ್ದರೆ ಮಕ್ಕಳು ಮೆಟ್ಟಿಲ ಮೇಲೆ ಕೂತು ಕೂತು ವಾಪಸ್ ಹೋಗುತ್ತಿದ್ದರು. ಇನ್ನೊಂದು ಕೀಲಿ ಮಾಡಿಸೋಣ ಅಂತ ನಾನು ಮೂರು ಮೀಟಿಂಗಿನಲ್ಲಿ ಕೇಳಿದೆ. ನಾಲ್ಕನೆಯದಕ್ಕೆ ನನ್ನನ್ನು ಕರೆಯಲೇ ಇಲ್ಲ. ಬೇಜಾರಾಗಿ ಸಮಿತಿ ಬಿಟ್ಟೆ. ಬಿಟ್ಟದ್ದು ಸುಲಭವಾಯಿತು. ಮೆಟ್ಟಿಲ ಮೇಲೆ ಕೂತಿದ್ದ ಮಕ್ಕಳು ಅಲ್ಲೇ ಉಳಿದರು. ಆ ನೋವು ಇನ್ನೂ ಹೋಗಿಲ್ಲ.

ಆದ್ದರಿಂದ ಪ್ರಕಾಶ್ ರಾಜೀನಾಮೆ ಕೊಟ್ಟದ್ದು ಸರಿಯೇ ತಪ್ಪೇ ಅಂತ ನನ್ನನ್ನು ಕೇಳಿದರೆ, ಅವರ ಮಟ್ಟಿಗೆ ಸರಿ, ದೇಶಕ್ಕೆ ನಷ್ಟ ಅಂತ ಹೇಳುತ್ತೇನೆ. ಅಕಾಡೆಮಿ ನೂರಿನ್ನೂರು ಮಕ್ಕಳನ್ನು ಆರಿಸಿಕೊಂಡು ಬೆಳೆಸುತ್ತದೆ. ಲಕ್ಷ್ಯನಂಥವರು ಬರುತ್ತಾರೆ. ಆದರೆ ಜಿಲ್ಲೆ ಜಿಲ್ಲೆಗೆ ಕೋಚ್ ಕಳಿಸುವುದು, ತಂಡ ಆರಿಸುವುದು, ಟೂರ್ನಮೆಂಟ್ ಯಾವ ತಿಂಗಳು ಎಲ್ಲಿ ಅಂತ ತೀರ್ಮಾನಿಸುವುದು ಸಂಸ್ಥೆಯ ಕೈಯಲ್ಲಿದೆ. ಅಲ್ಲಿ ಅವರಂಥವರು ಹತ್ತು ವರ್ಷ ಕೂತಿದ್ದರೆ ಬೈಂದೂರಿನ ಮಗುವಿಗೂ ಏನಾದರೂ ತಲುಪುತ್ತಿತ್ತು ಅನ್ನುವ ಆಸೆ ನನ್ನದು.

ಬೇರೆ ದೇಶಗಳಲ್ಲಿ ಆಟಗಾರರು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತದ್ದೂ ಉಂಟು. ಡೆನ್ಮಾರ್ಕಿನ ಪೌಲ್-ಎರಿಕ್ ಹೋಯರ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2013ರಿಂದ 2025ರ ತನಕ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದರು. ಮಲೇಷ್ಯಾದ ಪಂಚ್ ಗುಣಾಲನ್ ಕೂಡ ಹಾಗೇ. 1974ರ ಆಲ್ ಇಂಗ್ಲೆಂಡ್ ಫೈನಲ್ ಆಡಿದವರು, ಆಮೇಲೆ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆಯ ಉಪಾಧ್ಯಕ್ಷರಾಗಿ 21 ಪಾಯಿಂಟಿನ ಪದ್ಧತಿ ತರಲು ಓಡಾಡಿದವರು. ನೀವು ಇವತ್ತು ಬೆಳಗ್ಗೆ ಎಣಿಸಿದ ಪಾಯಿಂಟಿನಲ್ಲಿ ಅವರ ಪಾಲಿದೆ. ನಮ್ಮಲ್ಲಿ ಕುಂಬ್ಳೆ, ಶ್ರೀನಾಥ್ 2010ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುನಾವಣೆಗೆ ನಿಂತು ಗೆದ್ದರು. ಒಂದು ಅವಧಿ ಮುಗಿಸಿ ಹೊರಬಂದರು. ಈಗ ಪಿ.ಟಿ. ಉಷಾ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಪ್ರಕಾರ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೆ ಜಾಗ ಇರಲೇಬೇಕು. ಪ್ರಕಾಶ್ 1997ರಲ್ಲಿ ಯಾವುದಕ್ಕಾಗಿ ಜಗಳ ಆಡಿದರೋ ಅದರ ಒಂದು ತುಂಡು ಹೀಗೆ ಕಾನೂನಾಗಿ ಬಂತು ಅಂತ ನಾನು ಅಂದುಕೊಳ್ಳುತ್ತೇನೆ.

ಕುರ್ಚಿ ಬಿಟ್ಟ ಮೇಲೆ ಅವರು ಸುಮ್ನೆ ಕೂರಲಿಲ್ಲ. 2001ರಲ್ಲಿ ಬಿಲಿಯರ್ಡ್ಸ್ ಚಾಂಪಿಯನ್ ಗೀತ್ ಸೇಠಿ ಜೊತೆ ಸೇರಿ ಒಂದು ಪ್ರತಿಷ್ಠಾನ ಕಟ್ಟಿದರು. ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಅಂತ ಹೆಸರಾದದ್ದು ಅದೇ. ಲಾಭದ ಸಂಸ್ಥೆ ಅಲ್ಲ. ದಾನಿಗಳಿಂದ ಹಣ ಕೂಡಿಸಿ ಆಟಗಾರರಿಗೆ ಬೇಕಾದ್ದನ್ನು ಒದಗಿಸುವುದು ಕೆಲಸ. ಮುಂದೆ ವಿಶ್ವನಾಥನ್ ಆನಂದ್, ಲಿಯಾಂಡರ್ ಪೇಸ್ ಸೇರಿಕೊಂಡರು. ದಿನದಿನದ ಕೆಲಸವನ್ನು ಹಾಕಿ ತಂಡದ ಮಾಜಿ ನಾಯಕ ವಿರೇನ್ ರಸ್ಕಿನ್ಹಾ ವಹಿಸಿಕೊಂಡರು.

ಇದರಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಪ್ರಕಾಶ್ ಬ್ಯಾಡ್ಮಿಂಟನ್ನಿಗೆ ಮಾತ್ರ ಅಂಟಿಕೊಳ್ಳಲಿಲ್ಲ. ಶೂಟಿಂಗ್, ಬಾಕ್ಸಿಂಗ್, ಕುಸ್ತಿ, ಬಿಲ್ಲುಗಾರಿಕೆ ಎಲ್ಲದರಲ್ಲೂ ಆಟಗಾರರನ್ನು ಹುಡುಕಿದರು. ಶೂಟರ್‌ಗೆ ಮದ್ದುಗುಂಡು ಸಾಕಾಗುತ್ತಿಲ್ಲವೇ? ಬಾಕ್ಸರ್ ಜೊತೆ ಅಭ್ಯಾಸಕ್ಕೆ ಸರಿಸಾಟಿ ಯಾರೂ ಇಲ್ಲವೇ? ಭುಜ ನೋವಿಗೆ ಫಿಸಿಯೊ ಬೇಕೇ? ಇಂಥ ಚಿಕ್ಕ ಚಿಕ್ಕ ಕೊರತೆಗಳೇ ಪದಕ ತಪ್ಪಿಸುವುದು. ಸರ್ಕಾರದ ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಒಲಿಂಪಿಕ್ಸ್ ಮುಗಿದಿರುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಆರು ಪದಕ. ಅದರಲ್ಲಿ ನಾಲ್ಕು ಮಂದಿಗೆ ಈ ಪ್ರತಿಷ್ಠಾನದ ಬೆಂಬಲ ಇತ್ತು. ವಿಜಯ್ ಕುಮಾರ್, ಗಗನ್ ನಾರಂಗ್, ಮೇರಿ ಕೋಮ್, ಸೈನಾ ನೆಹ್ವಾಲ್. ಆ ಫೋಟೊಗಳಲ್ಲಿ ಪ್ರಕಾಶ್ ಎಲ್ಲೂ ಕಾಣುವುದಿಲ್ಲ.

ಅವರ ಆಡಳಿತದ ರೀತಿಯಲ್ಲಿ ನನಗೆ ಅವರ ಆಟವೇ ಕಾಣುತ್ತದೆ. ಬಲವಾದ ಎದುರಾಳಿಗೆ ಅವನ ವೇಗದಲ್ಲಿ ಉತ್ತರ ಕೊಡಲು ಹೋಗಲಿಲ್ಲ. ಒಂದು ಸಲ ಹೋದರು, 1997ರಲ್ಲಿ. ಅದು ಅವರಿಗೆ ಒಗ್ಗಲಿಲ್ಲ. ಮಿಕ್ಕೆಲ್ಲ ಕಡೆ ಖಾಲಿ ಜಾಗ ಎಲ್ಲಿದೆ ಅಂತ ನೋಡಿದರು, ಅಲ್ಲಿ ಮೆಲ್ಲಗೆ ಕಾಕ್ ಇಳಿಸಿದರು.

ತೀರಾ ಇತ್ತೀಚಿನ ಒಂದು ವಿಷಯ ಹೇಳದೆ ಇದ್ದರೆ ಅಪ್ರಾಮಾಣಿಕತೆ ಆಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್. ಪ್ರಕಾಶ್ ಅವರಿಗೆ 69 ವರ್ಷ. ಲಕ್ಷ್ಯ ಸೇನ್ ಕಂಚಿನ ಪದಕಕ್ಕೆ ಆಡುವಾಗ ಕೋರ್ಟ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಲಕ್ಷ್ಯ ಮೊದಲ ಗೇಮ್ ಗೆದ್ದು, ಮಲೇಷ್ಯಾದ ಲೀ ಝಿ ಜಿಯಾ ಎದುರು 21-13, 16-21, 11-21ರಲ್ಲಿ ಸೋತ. ಆಮೇಲೆ ಪ್ರಕಾಶ್ ಬಿಚ್ಚಿ ಮಾತಾಡಿದರು. ಸರ್ಕಾರ, ಸಂಸ್ಥೆ ಎಲ್ಲ ಮಾಡಬೇಕಾದ್ದು ಮಾಡಿವೆ, ಇನ್ನು ಆಟಗಾರರೇ ಜವಾಬ್ದಾರಿ ಹೊರಬೇಕು ಅನ್ನುವ ಅರ್ಥದಲ್ಲಿ. ನಮ್ಮ ರಾಜ್ಯದವರೇ ಆದ ಅಶ್ವಿನಿ ಪೊನ್ನಪ್ಪ ಅದನ್ನು ಒಪ್ಪಲಿಲ್ಲ. ಸೋತಾಗ ಆಟಗಾರರ ಮೇಲೆ ಮಾತ್ರ ಯಾಕೆ ಹೊರೆ ಹಾಕುತ್ತೀರಿ, ಕೋಚ್‌ಗೂ ಪಾಲಿಲ್ಲವೇ ಅಂತ ಬಹಿರಂಗವಾಗಿಯೇ ಕೇಳಿದರು.

ನಾನು ಎರಡು ದಿನ ಇದೇ ಯೋಚನೆಯಲ್ಲಿದ್ದೆ. ಹಾಲ್ ಖಾಲಿ ಇದ್ದರೆ ಸಾಕು ಅಂತ ಓಡಿದ ಹುಡುಗನಿಗೆ, ಎಲ್ಲ ಸೌಕರ್ಯ ಇದ್ದೂ ಪದಕ ಕೈತಪ್ಪಿದಾಗ ಸಂಕಟ ಆಗುವುದು ಸಹಜ. ಆದರೆ ಅಶ್ವಿನಿ ಕೇಳಿದ್ದರಲ್ಲೂ ನ್ಯಾಯ ಇದೆ. ಆಟಗಾರರ ಮಾತು ಕೇಳಿ ಅಂತ 1997ರಲ್ಲಿ ಎದ್ದು ನಿಂತವರು ಪ್ರಕಾಶ್. 27 ವರ್ಷ ಕಳೆದು ಒಬ್ಬ ಆಟಗಾರ್ತಿ ಹಿರಿಯರ ಎದುರು ಧೈರ್ಯವಾಗಿ ಮಾತಾಡಿದಾಗ, ಅದು ಅವರೇ ತೋರಿಸಿದ ದಾರಿ ಅಲ್ವಾ? ಇದರಿಂದ ಅವರ ಮೇಲಿನ ಗೌರವ ನನಗೆ ಒಂದಿಷ್ಟೂ ಕಡಿಮೆಯಾಗಿಲ್ಲ. ಆ ವಯಸ್ಸಿನಲ್ಲಿ ಮನೆಯಲ್ಲಿ ಕೂತು ಟಿವಿ ನೋಡಬಹುದಿತ್ತು. ಕೋರ್ಟಿನ ಪಕ್ಕ ಬಂದು ಕೂತು, ಸೋಲಿಗೆ ಮೈ ಒಡ್ಡಿದರು.

ಇಲ್ಲಿಗೆ ನನ್ನ ಮಾತು ಮುಗಿಸಿದ್ದೆ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಒಬ್ಬ ತಂದೆ ಎದ್ದು, ತಿಂಗಳಿಗೆ ಕಾಕ್ ಖರ್ಚೇ ಎಷ್ಟಾಗುತ್ತದೆ ಅಂತ ಲೆಕ್ಕ ಹೇಳಿದರು. ನೈಲಾನ್ ಕಾಕ್‌ನಲ್ಲಿ ಎಷ್ಟು ದಿನ ಕಲಿಸಬಹುದು ಅಂತ ಕೇಳಿದರು. ಅದರ ಬಗ್ಗೆಯೇ ಹತ್ತು ನಿಮಿಷ ಮಾತಾಯಿತು. ಶಿಬಿರ ಮುಗಿದ ಮೇಲೆ ಹಾಲ್ ವಾರಕ್ಕೆ ಎಷ್ಟು ದಿನ ಸಿಗುತ್ತದೆ ಅಂತ ಇನ್ನೊಬ್ಬರು ಕೇಳಿದರು. ಅದಕ್ಕೆ ಸಂಘಟಕರೇ ಎದ್ದು ಉತ್ತರ ಕೊಟ್ಟರು. ಸದ್ಯಕ್ಕೆ ಮೂರು ದಿನ. ಕೀಲಿ ಇಬ್ಬರ ಹತ್ತಿರ ಇರುತ್ತದೆ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿ ಕೈ ಎತ್ತಿದಳು. ಎಂಟು ವರ್ಷ ಇರಬಹುದು.

"ಸರ್, ಮದುವೆ ಇದ್ದ ದಿನ ಅವರು ಏನು ಮಾಡುತ್ತಿದ್ದರು?"

"ವಾಪಸ್ ಮನೆಗೆ ಹೋಗಬೇಕಿತ್ತು ಮಗಾ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ನಾನಾದರೆ ಊಟ ಮುಗಿಯುವ ತನಕ ಅಲ್ಲೇ ಕಾಯುತ್ತಿದ್ದೆ" ಅಂದಳು.